ಹೇಳಬಾರದ ಹೆಸರಿನ ಹೀರೋ

"ಗಮನವಿಟ್ಟು ಕೇಳಿ! ಕಿರ್ಗಿಜ್ ನಾಡಿನಿಂದ ಬಂದಿರುವ ಬೀಗಿತ್ತಿ ಜೂರಾ ಅವರು, ಮನೆಯೊಡತಿ ಕುಲಾಶ್ ಅವರು ಮತ್ತು ಸೊಸೆ ಮೀರಿಮ್, ಈ ಕೂಡಲೇ ಬೂಟು ಮೆಟ್ಟಿಕೊಂಡು ಬಾಗಿಲ ಬಳಿ ಬರಬೇಕಾಗಿ ವಿನಂತಿ. ಸಿನಿಮಾ ಹೊರಡಲು ಸಿದ್ಧವಾಗಿದೆ!"

ಇಷ್ಟು ಹೇಳಿ ತೊಕ್ತಾರ್ ಮೂಗಿನೊಳಗೇ ಗಂಟೆ ಬಾರಿಸಿದರು: ಣ್ಞಿಂಗ್... ಣ್ಞಾಂಗ್. ರೈಲು ನಿಲ್ದಾಣದಲ್ಲಿ ಯಾವ ಗಾಡಿ ಯಾವ ಕಟ್ಟೆಗೆ ಬರುತ್ತದೆಂದು ಜೀವಮಾನವೆಲ್ಲ ಕೂಗಿ ಹೇಳಿದ ಮನುಷ್ಯ. ಕೆಲಸದಿಂದ ನಿವೃತ್ತರಾದದ್ದು ಅವರು ಮಾತ್ರ, ಅವರ ಗಂಟಲು ಅಲ್ಲ. ಅಲ್ಮಾತಿಯ ಆ ಐದನೇ ಮಹಡಿಯ ಮನೆಯಲ್ಲಿ ಚಹಾ ಬೇಕಾದರೂ ಪ್ರಕಟಣೆ, ಚಹಾ ತಣ್ಣಗಿದ್ದರೆ "ತಾಂತ್ರಿಕ ಕಾರಣದಿಂದ ತಡವಾಗಿದೆ" ಎಂಬ ಇನ್ನೊಂದು ಪ್ರಕಟಣೆ.

ಜೂರಾ ನಿಟ್ಟುಸಿರು ಬಿಟ್ಟು ತಲೆವಸ್ತ್ರ ಬಿಗಿದುಕೊಂಡಳು. ಬೆಟ್ಟದಾಚೆಯ ಅತ್‌ಬಾಶಿಯಿಂದ ಬಸ್ಸು ಬದಲಿಸಿ ಬಸ್ಸು ಹತ್ತಿ, ಗಡಿಯಲ್ಲಿ ಸಾಲುಗಟ್ಟಿ ನಿಂತು ಅವಳು ಬಂದದ್ದು ಸಿನಿಮಾ ನೋಡಲಿಕ್ಕಲ್ಲ. ಮಗಳನ್ನು ತವರಿಗೆ ಕರೆದೊಯ್ಯಲಿಕ್ಕೆ. ಮದುವೆಯಾಗಿ ಕಜಾಕರ ನಾಡಿಗೆ ಬಂದ ಮೀರಿಮ್ ಒಮ್ಮೆಯೂ ತಿರುಗಿ ಬಂದಿರಲಿಲ್ಲ. ಊರಿನ ಹೆಂಗಸರು ಸುಮ್ಮನಿರುತ್ತಾರೆಯೇ? "ಏನ್ ಜೂರಾ, ನಿನ್ನ ಮಗಳು ಗಡಿ ದಾಟಿದ್ಲೋ, ಗಡೀಪಾರಾದ್ಲೋ?" ಎಂದು ಹಾಲು ಕರೆಯುತ್ತಲೇ ಕುಟುಕುತ್ತಿದ್ದರು.

ಆದರೆ ಕರೆದೊಯ್ಯುವುದೆಂದರೆ ಕೈ ಹಿಡಿದು ಎಳೆದೊಯ್ಯುವುದಲ್ಲ. ಮದುವೆಯಾದ ಹೆಣ್ಣು ಮೊದಲ ಸಲ ತವರಿಗೆ ಹೊರಡಲು ಗಂಡನ ಮನೆಯ ಹಿರಿಯನ ಬಾಯಿಂದ ಅಪ್ಪಣೆ ಬರಬೇಕು. ಹೆಣ್ಣಿನ ಕಡೆಯವರು ಅದನ್ನು ಬಾಯಿಬಿಟ್ಟು ಕೇಳಬಾರದು, ಕೇಳದೆ ಕೇಳಬೇಕು. ಜೂರಾ ಬಂದಾಗಿನಿಂದ ಕೇಳದೆ ಕೇಳುತ್ತಲೇ ಇದ್ದಳು.

"ನಮ್ ಕಡೆ ಬೆಟ್ಟದ ಮೇಲೆ ಈಗ ಹುಲ್ಲು ಮೊಣಕಾಲುದ್ದ ಬೆಳೆದಿದೆ, ಬೀಗ್ರೇ."

"ನಮ್ ಕಡೇನೂ ಬೆಳೆಯುತ್ತೆ, ಬೀಗಿತ್ತಿ. ಆದ್ರೆ ನಗರಸಭೆಯೋರು ಬಂದು ಬೋಳಿಸ್ತಾರೆ."

"ಮೀರಿಮ್ ಹೆಸರಲ್ಲಿ ಬಿಟ್ಟಿದ್ವಲ್ಲ, ಆ ಹೆಣ್ಣುಕುದುರೆ ಮರಿ ಹಾಕಿದೆ."

"ತಾಯಿ ಮರಿ ಇಬ್ಬರಿಗೂ ನಮ್ಮ ಶುಭಾಶಯಗಳು."

ತೊಡಕು ಇದ್ದದ್ದು ಇಲ್ಲಿ: ವಸಂತದ ಹಬ್ಬದಂದು ನೆಂಟರೆಲ್ಲ ಕೂತ ಊಟದಲ್ಲಿ ತೊಕ್ತಾರ್ ಎದ್ದು ನಿಂತು, "ಮಗ ಎರ್ಲಾನ್ ಎಣ್ಣೆಬಾವಿಯ ಕೆಲಸದಿಂದ ಬಂದ ಮೇಲೆ ಗಂಡಹೆಂಡಿರಿಬ್ಬರೂ ಒಟ್ಟಿಗೆ ಬೀಗರ ಊರಿಗೆ ಹೊರಡತಕ್ಕದ್ದು" ಎಂದು ಪ್ರಕಟಿಸಿಬಿಟ್ಟಿದ್ದರು. ಎರ್ಲಾನ್‌ನ ಕೆಲಸವೋ, ಬಾವಿಯ ಹಾಗೆಯೇ ಆಳವಾಗುತ್ತ ಹೋಗುತ್ತಿತ್ತು. ಅವನು ಮೇಲೆ ಬರುವ ಸೂಚನೆಯೇ ಇರಲಿಲ್ಲ. "ಏನ್ ಮಾಡೋದು ಬೀಗಿತ್ತಿ" ಎಂದು ಕುಲಾಶ್ ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದಳು, "ಹೊರಟ ರೈಲು, ಆಡಿದ ಮಾತು, ಎರಡನ್ನೂ ಹಿಂದಕ್ಕೆ ಕರಿಯೋಕಾಗಲ್ಲ ಅಂತಾರೆ ನಮ್ಮನೆಯವ್ರು. ಅವ್ರ ಮನಸ್ಸಲ್ಲಿ ಏನಿದೆಯೋ, ನಂಗೂ ಪ್ರಕಟಣೆ ಆದ್ಮೇಲೇ ಗೊತ್ತಾಗೋದು."

ಇನ್ನು ಮಗಳ ಮನಸ್ಸು? ಅದೂ ತಿಳಿಯದು. ಮೀರಿಮ್ ತಲೆವಸ್ತ್ರ ಹಣೆಯವರೆಗೆ ಎಳೆದುಕೊಂಡು ಚಹಾ ಬಗ್ಗಿಸುತ್ತಾಳೆ, ಹಿರಿಯರಿಗೆ ಬೆನ್ನು ತೋರಿಸದೆ ಹಿಂದುಹಿಂದಕ್ಕೆ ಹೆಜ್ಜೆಯಿಟ್ಟು ಹೊರಗೆ ಹೋಗುತ್ತಾಳೆ, ಪಾತ್ರೆ ತೊಳೆಯುತ್ತಾಳೆ. ತಾಯಿ ಮಗಳು ಒಂದು ಮಾತು ಬಿಡಿಸಿ ಆಡಲು ಆಗಿರಲಿಲ್ಲ. ನಾಳೆ ಬೆಳಿಗ್ಗೆ ಜೂರಾಳ ಬಸ್ಸು. ಉಳಿದದ್ದು ಈ ಒಂದು ಮಧ್ಯಾಹ್ನ. ಆ ಮಧ್ಯಾಹ್ನವನ್ನು ಬೀಗರು ಸಿನಿಮಾಕ್ಕೆ ಕೊಟ್ಟಿದ್ದರು.

ಕೊಡಲು ಕಾರಣವೂ ಇತ್ತು. ಆ ಚಿತ್ರದ ನಾಯಕನ ಹೆಸರೂ ತೊಕ್ತಾರ್. ಮನೆಗೆ ಯಾವ ನೆಂಟ ಬಂದರೂ ಅವನನ್ನು ಈ ಚಿತ್ರಕ್ಕೆ ಹೊರಡಿಸದೆ ತೊಕ್ತಾರ್ ಬಿಟ್ಟಿರಲಿಲ್ಲ. ಪ್ರತಿ ಸಲವೂ ಹೆಂಡತಿ, ಸೊಸೆ ಕಡ್ಡಾಯ ಹಾಜರಿ. ಬೀಗುವುದಕ್ಕೇ ಬೀಗರು ಅನ್ನುತ್ತಾರೋ ಏನೋ.

ಚಿಕ್ಕ ವ್ಯಾನು ಹತ್ತಿ ಹೊರಟರು. ಇಳಿಯುವ ಜಾಗ ಬಂದಾಗ ಬಾಗಿಲ ಬಳಿಯ ಸೀಟಿನ ಮೀರಿಮ್ "ನಿಲ್ಲಿಸಿ" ಎನ್ನಲಿಲ್ಲ. ಬೆರಳಿನ ಉಂಗುರದಿಂದ ಕಿಟಕಿಯ ಗಾಜಿಗೆ ಟಕ್ ಟಕ್ ಎಂದು ತಟ್ಟಿದಳು. ಜೂರಾಳಿಗೆ ತಕ್ಷಣ ಅರ್ಥವಾಯಿತು. ತೊಕ್ತಾರ್ ಎಂದರೆ 'ನಿಲ್ಲುವವನು'. ಹಿಂದಿನ ಕೂಸುಗಳು ಉಳಿಯದೆ ಹೋದಾಗ ಇದೊಂದಾದರೂ ನಿಲ್ಲಲಿ ಎಂದು ಹೆತ್ತವರು ಇಟ್ಟ ಹೆಸರು. ಮಾವನ ಹೆಸರನ್ನು ಸೊಸೆ ಉಚ್ಚರಿಸುವಂತಿಲ್ಲ. ಹೆಸರಿರಲಿ, ಹೆಸರಿನೊಳಗಿನ ಮಾತನ್ನೂ ಆಡುವಂತಿಲ್ಲ. ಜೂರಾಳ ಮಾವನ ಹೆಸರಿನಲ್ಲಿ ಬೆಣ್ಣೆಯಿತ್ತು; ಆತ ತೀರಿಕೊಂಡು ಎಷ್ಟೋ ಕಾಲವಾದರೂ ಅವಳು ಬೆಣ್ಣೆಯನ್ನು 'ರೊಟ್ಟಿಗೆ ಸವರೋದು' ಎಂದೇ ಕರೆಯುತ್ತಿದ್ದಳು. ಬೀಗರು ಸೊಸೆಯ ಬಾಯಿಗೆ ಹಾಕುವ ಬೀಗಕ್ಕೆ ಕೀಲಿಕೈ ಇಲ್ಲ.

ಅಂಗಡಿಗಳ ದೊಡ್ಡ ಕಟ್ಟಡದ ತುತ್ತತುದಿಯಲ್ಲಿತ್ತು ಸಿನಿಮಾ. ಕುಲಾಶ್ ಒಂದು ಬಕೆಟ್ಟಿನಷ್ಟು ಪಾಪ್‌ಕಾರ್ನ್ ಕೊಂಡಳು. ಜೂರಾ ಒಂದು ಹಿಡಿ ಎತ್ತಿ ತೂಗಿ ನೋಡಿದಳು. "ಬೀಗರ ಮಾತಿನ ಹಾಗೇ ಇದೆ. ಕಣ್ಣಿಗೆ ರಾಶಿ, ಕೈಗೆ ತೂಕವೇ ಇಲ್ಲ."

"ನಿಮ್ಮ ಚೀಲದಲ್ಲಿರೋ ಕುರುತ್ ಹಾಗಲ್ಲ ಬಿಡಿ" ಎಂದರು ತೊಕ್ತಾರ್. "ಅದನ್ನ ತಿಂದು ನನ್ನ ಹಲ್ಲು ಎರಡು ಈಗಾಗಲೇ ನಿಲ್ದಾಣ ಬಿಟ್ಟಿವೆ."

ಜೂರಾ ಚೀಲವನ್ನು ಎದೆಗವಚಿಕೊಂಡಳು. ಕಲ್ಲಿನಂತೆ ಒಣಗಿಸಿದ ಆ ಮೊಸರಿನ ಉಂಡೆಗಳನ್ನು ತಂದದ್ದು ಮಗಳಿಗೆಂದು.

ಒಳಗೆ ಹೊಕ್ಕರೆ ಇನ್ನೊಂದು ಮರ್ಯಾದೆ ಕಾದಿತ್ತು. ಮನೆಯಾಗಲಿ ಡೇರೆಯಾಗಲಿ, ಅತಿಥಿಗೆ ಬಾಗಿಲಿನಿಂದ ಅತಿ ದೂರದ ಜಾಗ, ಅದೇ ಗದ್ದುಗೆ. ತೊಕ್ತಾರ್ ಸಿನಿಮಾ ಮಂದಿರಕ್ಕೂ ಅದೇ ಲೆಕ್ಕ ಹಾಕಿ, ಮುಂದಿನ ಸಾಲೊಂದರಲ್ಲಿ ಬಾಗಿಲಿಗೆ ಎದುರುಬದುರಾಗಿ ಗೋಡೆಗಂಟಿದ ಸೀಟನ್ನು ಬೀಗಿತ್ತಿಗೆ ಕೊಡಿಸಿದ್ದರು. ಅವಳ ಪಕ್ಕ ತಾವು, ತಮ್ಮ ಪಕ್ಕ ಕುಲಾಶ್, ಎಲ್ಲರಿಗಿಂತ ಬಾಗಿಲ ಹತ್ತಿರ ಸೊಸೆ. ಚಹಾ ತರಲಿಕ್ಕೇನೂ ಇಲ್ಲದಿದ್ದರೂ ಸೊಸೆ ಬಾಗಿಲ ಬಳಿಯೇ. ಹೀಗಾಗಿ ಅತ್ಯಂತ ಗೌರವದ ಜಾಗದಿಂದ ಪರದೆ ಅತ್ಯಂತ ಸೊಟ್ಟಗೆ ಕಾಣುತ್ತಿತ್ತು. ದೀಪ ಆರಿ ಚಿತ್ರ ಶುರುವಾದಾಗ ಬಂದವರೆಲ್ಲ ಕುದುರೆಮುಖದವರು, ಕೊಕ್ಕರೆಕಾಲಿನವರು. ಜೂರಾಳ ಎಳವೆಯಲ್ಲಿ ಬೆಟ್ಟದ ಹುಲ್ಲುಗಾವಲಿಗೆ ಸಿನಿಮಾ ಲಾರಿ ಬರುತ್ತಿತ್ತು. ಎರಡು ಗೂಟಕ್ಕೆ ಬಿಳಿಬಟ್ಟೆ ಕಟ್ಟಿ ತೋರಿಸುತ್ತಿದ್ದರು. ಅಲ್ಲಿ ಬಟ್ಟೆಯ ಹಿಂದೆ ಕೂತು ನೋಡಿದರೂ ಜನ ಮನುಷ್ಯರ ಅಳತೆಯಲ್ಲೇ ಇರುತ್ತಿದ್ದರು.

ಪರದೆಯ ಮೇಲೆ ಹಿಮ, ಹಿಮದಲ್ಲಿ ಲಾರಿ, ಲಾರಿಯೊಳಗೆ ಮೀಸೆಯವನು. ಅವನು ಹಳ್ಳಿಯವರೊಡನೆ ಕಜಾಕ್ ಮಾತಾಡುತ್ತಿದ್ದ, ಪೇಟೆಯವರೊಡನೆ ರಷ್ಯನ್. ಕಜಾಕ್ ಮಾತು ಜೂರಾಳಿಗೆ ಅರ್ಧ ಅರ್ಥ, ಅರ್ಧ ಅನರ್ಥ. ರಷ್ಯನ್ನಿನಲ್ಲಿ 'ನಮಸ್ಕಾರ', 'ಸಾಲು ಎಲ್ಲಿದೆ' ಇಷ್ಟರಲ್ಲೇ ಅವಳ ಸಂಸಾರ.

"ಇದು ಯಾರು, ಬೀಗ್ರೇ?"

ತೊಕ್ತಾರ್ ಪಿಸುಗುಟ್ಟಲು ಬಾಯಿ ತೆರೆದರು. ಆದರೆ ಆ ಗಂಟಲಿಗೆ ಪಿಸುಮಾತು ಕಲಿಸಿದವರು ಯಾರೂ ಇರಲಿಲ್ಲ. "ಲಾರಿ ಚಾಲಕ ತೊಕ್ತಾರ್, ಉತ್ತರ ದಿಕ್ಕಿನಿಂದ ಬರುತ್ತಿದ್ದಾನೆ!" ಎಂಬುದು ಕೊನೆಯ ಸಾಲಿನವರೆಗೂ ತಲುಪಿತು.

"ಅಜ್ಜಾ, ಸ್ಪೀಕರ್ ಆಫ್ ಮಾಡಿ!" ಹಿಂದಿನಿಂದ ಯಾರೋ ಕೂಗಿದರು.

"ಯಾವ ಪ್ಲಾಟ್‌ಫಾರಂ ಅಂತಾನೂ ಹೇಳ್ಬಿಡಿ ಅಜ್ಜಾ!" ಇನ್ನೊಬ್ಬ. ಜನ ನಕ್ಕರು.

ತೊಕ್ತಾರರ ಕಿವಿ ಕತ್ತಲಲ್ಲೂ ಕೆಂಪಾದದ್ದು ಕಾಣಿಸುವಂತಿತ್ತು. ಅವರು ಸೊಸೆಯ ಕಡೆ ಬಾಗಿ, ತಮ್ಮ ಮಟ್ಟಿಗೆ ಮೆಲ್ಲಗೆ, "ಮೀರಿಮ್, ನೀನು ಬಂದು ನಿಮ್ಮಮ್ಮನ ಪಕ್ಕ ಕೂತು ಬಿಡಿಸಿ ಹೇಳಮ್ಮ" ಎಂದರು. ಕುಲಾಶಳೂ ಅವರೂ ಒಂದೊಂದು ಸೀಟು ಬಾಗಿಲ ಕಡೆಗೆ ಸರಿದರು. ಮೀರಿಮ್ ಬಗ್ಗಿಕೊಂಡು ಬಂದು ತಾಯಿಗೂ ಮಾವನಿಗೂ ನಡುವೆ ಕೂತಳು. ತಾಯಿಗೆ ಹೇಳಬೇಕೆಂದರೆ ಗೋಡೆಯ ಕಡೆ ತಿರುಗಬೇಕು, ಗೋಡೆಯ ಕಡೆ ತಿರುಗಿದರೆ ಮಾವನಿಗೆ ಬೆನ್ನು. ಹುಡುಗಿ ಮೈಯನ್ನು ಪರದೆಗೆ ಕೊಟ್ಟು ಕುತ್ತಿಗೆಯನ್ನು ಮಾತ್ರ ತಾಯಿಗೆ ಕೊಟ್ಟಳು.

ಜೂರಾಳಿಗೆ ಅಷ್ಟೇ ಸಾಕಾಗಿತ್ತು. ಬಂದಾಗಿನಿಂದ ಮೊದಲ ಸಲ ಮಗಳ ಭುಜ ತನ್ನ ಭುಜಕ್ಕೆ ತಾಗಿತ್ತು. ತಲೆಗೂದಲಿಗೆ ಯಾವುದೋ ಗುರುತಿಲ್ಲದ ಸೋಪಿನ ವಾಸನೆ.

"ಯಾರೇ ಆ ಮೀಸೆಯೋನು?"

"ಅವರೇ ಅಮ್ಮ. ಲಾರಿಯೋರು."

"ಹೆಸರೇನು?"

ಮೀರಿಮ್ ಓರೆಗಣ್ಣಿನಿಂದ ಪಕ್ಕಕ್ಕೆ ನೋಡಿದಳು. ಪಕ್ಕದಲ್ಲೇ ಮಾವನ ಉಸಿರು. "ಅವರು ಅಂದ್ರೆ... ಅವರೇ."

ದೃಶ್ಯ ಬದಲಾಯಿತು. ಕುರಿಮರಿಯನ್ನು ತಬ್ಬಿಕೊಂಡ ಪುಟ್ಟ ಹುಡುಗ, ಮೂಗಿನಲ್ಲಿ ಸಿಂಬಳ.

"ಈ ಮಗು ಯಾರದು?"

"ಅವರೇ."

"ಅವರದಾ?"

"ಅವರದಲ್ಲ. ಅವರೇ. ಚಿಕ್ಕೋರಿದ್ದಾಗ. ನೋಡು, ಈಗ ಅವರು ಬಿದ್ದು ಅಳ್ತಾರೆ."

"ಸಿಂಬಳ ಸುರಿಯೋ ಹುಡುಗನಿಗೆ 'ಅಳ್ತಾರೆ' ಅಂತೀಯಲ್ಲೇ!"

ಹುಡುಗ ಮಾಯವಾಗಿ ನುಣ್ಣಗೆ ಬೋಳಿಸಿದ ಮುಖದವನೊಬ್ಬ ಪೇಟೆಯ ಕಚೇರಿಯೊಂದರಲ್ಲಿ ರಷ್ಯನ್ ಮಾತಾಡುತ್ತಿದ್ದ. ಅವನೂ 'ಅವರೇ'. ಸ್ವಲ್ಪ ಹೊತ್ತಿಗೆ ಗಡ್ಡದವನೊಬ್ಬ ಪೊದೆಯೊಳಗೆ ನುಗ್ಗಿ ಕೋಳಿ ಕದ್ದ. ಅವನೂ 'ಅವರೇ'. ಮೀರಿಮ್ ಹೇಳಿದ್ದು, "ಅವರು ಕೋಳಿ ಕದಿಯುತ್ತಿದ್ದಾರೆ" ಎಂದು, ಮಾವ ಊಟಕ್ಕೆ ಏಳುತ್ತಿದ್ದಾರೆ ಎನ್ನುವಷ್ಟೇ ವಿನಯದಿಂದ. ಜೂರಾಳ ತಲೆಯಲ್ಲಿ ಈಗ ನಾಲ್ಕು ಜನ ಗಂಡಸರು ಒಂದೇ ಲಾರಿಗಾಗಿ ಕಿತ್ತಾಡುತ್ತಿದ್ದರು. ಆ ನಾಲ್ವರಿಗೂ ಹೆಸರಿಲ್ಲ, ನಾಲ್ವರಿಗೂ ಮರ್ಯಾದೆ ಮಾತ್ರ ವಿಪರೀತ. ಬೋಳುತಲೆಯ ಒಬ್ಬನಿಗೆ ಮಾತ್ರ ಮೀರಿಮ್ 'ಅವನು' ಎಂದಳು. ಆದ್ದರಿಂದ ಅವನು ಮನೆಯ ಆಳು ಇರಬೇಕೆಂದು ಜೂರಾ ತೀರ್ಮಾನಿಸಿದಳು. ಪಾಪ, ಒಳ್ಳೆಯವನ ಹಾಗೆ ಕಾಣುತ್ತಾನೆ. ಕಬ್ಬಿಣದ ಸಲಾಕೆ ಹಿಡಿದುಕೊಂಡು ಏನೋ ಕೆಲಸಕ್ಕೆ ಓಡಾಡುತ್ತಿದ್ದಾನೆ.

ಇತ್ತ ತೊಕ್ತಾರರಿಗೆ ತಳಮಳ. ತಮ್ಮ ಹೆಸರಿನ ನಾಯಕನ ಪರಾಕ್ರಮವನ್ನು ಬೀಗಿತ್ತಿ ಹೆಸರಿಟ್ಟು ಮೆಚ್ಚಲಿ ಎಂದೇ ಕರೆತಂದದ್ದು. ಈಗ ಅವನ ಹೆಸರೇ ಅವಳಿಗೆ ತಲುಪುತ್ತಿಲ್ಲ. ಸೊಸೆಗೆ 'ಹೇಳು' ಎನ್ನುವಂತಿಲ್ಲ, ಸುಮ್ಮನಿರಲೂ ಆಗುವುದಿಲ್ಲ. ಕೊನೆಗೆ ಸೊಸೆಯ ಮುಂದಿನಿಂದ ಬಾಗಿ, ಬಾಯಿಗೆ ಕೈ ಅಡ್ಡವಿಟ್ಟು, "ಬೀಗಿತ್ತಿ, ಅವನ ಹೆಸರು ತೊಕ್ತಾರ್" ಎಂದರು.

"ಅದು ನಿಮ್ಮ ಹೆಸರಲ್ವಾ?"

"ಅವನದೂ ಅದೇ."

"ಯಾರದು? ಕೋಳಿಕಳ್ಳಂದಾ?"

"ಕೋಳಿ ಕದ್ದಿದ್ದು ಹಸಿವಿಗೆ!" ತೊಕ್ತಾರರಿಗೆ ತಮ್ಮ ಮೇಲೆಯೇ ಆಪಾದನೆ ಬಂದಷ್ಟು ನೋವಾಯಿತು. ಹಿಂದಿನ ಸಾಲು "ಶ್ಶ್!" ಎಂದಿತು. ಅವರು ಕುಗ್ಗಿ ಕೂತರು.

ಸ್ವಲ್ಪ ಹೊತ್ತು ಜೂರಾ ಪರದೆಯನ್ನು ನೋಡಲೇ ಇಲ್ಲ. ಚೀಲದಿಂದ ಒಂದು ಕುರುತ್ ತೆಗೆದು ಮಗಳ ಅಂಗೈಯೊಳಗೆ ಇಟ್ಟಳು. ಅದೇ ನೆಪದಲ್ಲಿ ಅವಳ ಕಿವಿಗೆ ಬಾಯಿಟ್ಟು, ಈ ದಿನಗಳಲ್ಲೆಲ್ಲ ಕೇಳಲಾಗದೆ ಉಳಿದಿದ್ದನ್ನು ಕೇಳಿಯೇಬಿಟ್ಟಳು. "ಮಗಾ, ನಿಂಗೆ ಮನೆಗೆ ಬರೋ ಆಸೆ ಇದ್ಯಾ? ಇಲ್ಲಾ ಇಲ್ಲೇ ಹೊಂದ್ಕೊಂಡ್ಬಿಟ್ಯಾ? ಹೇಳ್ಬಿಡು. ನಾನು ನಾಳೆ ಒಬ್ಳೇ ಬಸ್ ಹತ್ತೋದಾದ್ರೆ, ಗೊತ್ತಿದ್ದೇ ಹತ್ತುತೀನಿ."

ಮೀರಿಮ್ ಪರದೆಯನ್ನೇ ನೋಡುತ್ತಿದ್ದಳು. "ಈಗ ಲಾರಿ ಕೆಟ್ಟು ನಿಂ..." ಎಂದವಳು ಅಲ್ಲೇ ತಡೆದು, "ಮುಂದೆ ಹೋಗಲ್ಲ, ನೋಡು" ಎಂದಳು.

ಇದು ಉತ್ತರವೋ, ಸಿನಿಮಾದ ಕತೆಯೋ? ಜೂರಾಳಿಗೆ ತಿಳಿಯಲಿಲ್ಲ. ಮಗಳು ಕುರುತನ್ನು ಬಾಯಿಗೆ ಹಾಕಿಕೊಂಡಿದ್ದಳು, ಕಡಿಯಲಿಲ್ಲ. ಚಿಕ್ಕವಳಿದ್ದಾಗ, ಬೆಟ್ಟದಿಂದ ಇಳಿಯುವ ದಿನ, ಕೊನೆಯ ಉಂಡೆ ಬೇಗ ಮುಗಿಯಬಾರದೆಂದು ದವಡೆಯಲ್ಲಿ ಇಟ್ಟುಕೊಂಡೇ ದಾರಿಯುದ್ದಕ್ಕೂ ಬರುತ್ತಿದ್ದಳು. ಈಗಲೂ ಒಂದು ಕೆನ್ನೆ ಉಬ್ಬಿತ್ತು.

ಪರದೆಯ ಮೇಲೆ ಲಾರಿ ನಿಂತೇ ಹೋಗಿತ್ತು. ಸುತ್ತ ಹಿಮದ ಬಯಲು. ನಾಲ್ವರಲ್ಲಿ ಮೀಸೆಯವನು ಮುಂದಿನ ಮುಚ್ಚಳ ಎತ್ತಿ ಎಂಜಿನ್ನಿನೊಳಗೆ ತಲೆ ಹಾಕಿದ್ದ. ವಾದ್ಯಗಳೆಲ್ಲ ನಿಂತು ಗಾಳಿಯ ಸದ್ದು ಮಾತ್ರ ಉಳಿಯಿತು. ಲಾರಿಯ ಹಿಂದಿನಿಂದ ಬೋಳುತಲೆಯವನು ಸಲಾಕೆಯೊಂದಿಗೆ ಒಂದೊಂದೇ ಹೆಜ್ಜೆ ಇಡುತ್ತ ಬಂದ. ಆಳು ರಿಪೇರಿಗೆ ಸಲಾಕೆ ತರುತ್ತಿದ್ದಾನೆಂದು ಜೂರಾ ಸಮಾಧಾನದಿಂದ ನೋಡುತ್ತಿದ್ದಳು. ಆದರೆ ಇಡೀ ಸಭೆ ಉಸಿರು ಬಿಗಿಹಿಡಿದಿತ್ತು. ಕುಲಾಶಳ ಕೈ ಪಾಪ್‌ಕಾರ್ನಿನೊಳಗೇ ಹೆಪ್ಪುಗಟ್ಟಿತ್ತು. ಸಲಾಕೆ ಮೇಲೆದ್ದಿತು.

"ತೊಕ್ತಾರ್! ಹಿಂದೆ ನೋಡೋ!"

ಕೂಗಿದ್ದು ಮೀರಿಮ್.

ಅಲ್ಮಾತಿಯ ತೊಕ್ತಾರ್ ಥಟ್ಟನೆ ಎದ್ದು ನಿಂತು ಹಿಂದೆ ನೋಡಿದರು. ಹಿಂದಿನ ಸಾಲಿನವರು ಅವರನ್ನು ನೋಡಿದರು. ಪರದೆಯ ತೊಕ್ತಾರ್ ಮಾತ್ರ ತನ್ನ ಪಾಡಿಗೆ ತಾನು ಪಕ್ಕಕ್ಕೆ ಜಿಗಿದು ಬೋಳುತಲೆಯವನನ್ನು ಹಿಮಕ್ಕೆ ಕೆಡವಿದ. ಅದನ್ನು ಯಾರೂ ನೋಡಲಿಲ್ಲ.

"ಅವನಿಗೆ ಕೇಳಿಸ್ತು ಕಣಕ್ಕ, ಕೂತ್ಕೋ!" ಹಿಂದಿನಿಂದ ಒಬ್ಬ ಕೂಗಿದ. "ಅಜ್ಜಾ, ನೀವೂ ಕೂತ್ಕೊಳಿ!" ಸಭೆ ಗೊಳ್ಳೆಂದಿತು.

ತೊಕ್ತಾರ್ ಕೂತರು. ಆಮೇಲೆ ಚಿತ್ರ ಮುಗಿಯುವವರೆಗೆ ಅವರ ಗಂಟಲಿನಿಂದ ಒಂದು ಕೆಮ್ಮೂ ಬರಲಿಲ್ಲ. ಜೂರಾಳಿಗೆ ಪರದೆ ಪೂರ್ತಿ ಮಸುಕು. ಮಾವನ ಹೆಸರು! ಅದೂ ಬಾಯಿ ತುಂಬ! ಅದೂ ಸಾಲದೆಂದು, ಏಕವಚನದಲ್ಲಿ! ಅವಳ ಚಿಕ್ಕತ್ತೆಯೊಬ್ಬಳು ಜಗಳದಲ್ಲಿ ಮಾವನ ಹೆಸರೆತ್ತಿದ್ದಕ್ಕೆ ಅದೇ ದಿನ ಅವಳನ್ನು ಕುದುರೆ ಹತ್ತಿಸಿ ತವರಿಗೆ ಅಟ್ಟಿದ್ದರಂತೆ. ತಪ್ಪುಕಾಣಿಕೆಯಾಗಿ ಕುದುರೆ, ನಿಲುವಂಗಿ ಒಪ್ಪಿಸಿದ ಮೇಲೆಯೇ ಮತ್ತೆ ಒಳಗೆ ಕರೆದುಕೊಂಡದ್ದು. ಅಲ್ಲಿಯವರೆಗೂ ಅವಳು ಅಪ್ಪನ ಡೇರೆಯ ಬಾಗಿಲಲ್ಲಿ ಕೂತು ಅಳುತ್ತಿದ್ದಳೆಂದು ಅಜ್ಜಿ ಹೇಳುತ್ತಿದ್ದಳು. ಹುಟ್ಟಿದಾಗಿನಿಂದ ಯಾರ ಮಾತನ್ನೂ ಮೀರದ ಮೀರಿಮ್, ಮೀರಿ ಮೀರಿ ಇದನ್ನು ಮೀರಿದಳಲ್ಲ! ಮಗಳನ್ನು ಮರ್ಯಾದೆಯಿಂದ ಕರೆದೊಯ್ಯಲು ಬಂದ ತಾಯಿಯ ಕಣ್ಣೆದುರೇ!

ಮೀರಿಮ್ ತಲೆ ತಗ್ಗಿಸಿ ಕೂತಿದ್ದಳು. ಕೆನ್ನೆ ಇನ್ನೂ ಉಬ್ಬಿಯೇ ಇತ್ತು.

ದೀಪ ಹತ್ತಿತು. ಹೊರಗೆ ಪಾಪ್‌ಕಾರ್ನ್ ಅಂಗಡಿಯ ಮುಂದೆ ನಾಲ್ವರೂ ನಿಂತರು. ಜೂರಾ ಕೈಮುಗಿಯುವಂತೆ ಎರಡೂ ಕೈ ಎದೆಗೆ ಒತ್ತಿಕೊಂಡಳು. "ಬೀಗ್ರೇ, ಮಗು ಬಾಯಿ ತಪ್ಪಿ..."

ತೊಕ್ತಾರ್ ಕೈಯೆತ್ತಿ ತಡೆದರು. ಎರಡು ಸಲ ಕೆಮ್ಮಿದರು. ಮೂಗಿನೊಳಗೆ ಗಂಟೆ ಬಾರಿಸಿದರು: ಣ್ಞಿಂಗ್... ಣ್ಞಾಂಗ್. ಅಂಗಡಿಯ ಹುಡುಗಿ ಪಾಪ್‌ಕಾರ್ನ್ ತುಂಬುವುದನ್ನು ನಿಲ್ಲಿಸಿ ನೋಡಿದಳು.

"ಗಮನವಿಟ್ಟು ಕೇಳಿ. ಮಾವನ ಹೆಸರನ್ನು, ತುಂಬಿದ ಸಭೆಯಲ್ಲಿ, ಏಕವಚನದಲ್ಲಿ ಕೂಗಿರುವ ಸೊಸೆ ಮೀರಿಮ್, ಹಿರಿಯರ ಕಟ್ಟಳೆಯಂತೆ, ನಾಳೆ ಬೆಳಗಿನ ಬಸ್ಸಿನಲ್ಲಿ ತನ್ನ ತಾಯಿಯೊಂದಿಗೆ ತವರಿಗೆ ಹೊರಡತಕ್ಕದ್ದು. ತಪ್ಪುಕಾಣಿಕೆಯಾಗಿ ಒಂದು ಕುದುರೆ, ಒಂದು ನಿಲುವಂಗಿ ತರದೆ ಹೊಸ್ತಿಲು ತುಳಿಯತಕ್ಕದ್ದಲ್ಲ."

ಜೂರಾ ಮಗಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಕುದುರೆ ಎಲ್ರೀ ಕಟ್ಟೋದು?" ಎಂದಳು ಕುಲಾಶ್. "ಲಿಫ್ಟಲ್ಲಾ?"

ತೊಕ್ತಾರ್ ಯೋಚಿಸಿದರು. "ತಿದ್ದುಪಡಿ. ಕುದುರೆಯ ಬದಲು ಕುದುರೆಹಾಲಿನ ಕುಮಿಸ್ ಸ್ವೀಕರಿಸಲಾಗುವುದು. ಒಂದು ಚರ್ಮದ ಚೀಲ. ಬೆಟ್ಟದ ಹುಲ್ಲು ಮೇಯ್ದ ಕುದುರೆಯದೇ ಆಗಬೇಕು. ಬೇಸಿಗೆ ಪೂರ್ತಿ ಕಡೆದು ಹದವಾಗಿ ಹುಳಿ ಬಂದಿರಬೇಕು. ಅವಸರಪಟ್ಟು ಎಳೆ ಕುಮಿಸ್ ತಂದರೆ ಗಾಡಿಯನ್ನು ವಾಪಸ್ ಕಳಿಸಲಾಗುವುದು."

"ಮತ್ತೆ ಹಬ್ಬದ ದಿನ ಎಲ್ರ ಮುಂದೆ, ಮಗ ಬಂದ್ಮೇಲೆ ಇಬ್ರೂ ಒಟ್ಟಿಗೆ ಅಂದಿದ್ರಿ?"

"ಅದು ಮರ್ಯಾದೆಯ ಪ್ರಯಾಣ. ಇದು ಶಿಕ್ಷೆ" ಎಂದರು ತೊಕ್ತಾರ್, ಮುಖದ ಒಂದು ಗೆರೆಯೂ ಅಲುಗದಂತೆ. "ಬೇರೆ ಗಾಡಿ, ಬೇರೆ ಕಟ್ಟೆ."

ಜೂರಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಸಿನಿಮಾದಲ್ಲಿ ನಾಲ್ಕು ಮುಖಕ್ಕೆ ಒಂದೇ 'ಅವರು'. ಇಲ್ಲಿ ಒಂದೇ ಮುಖದ ಹಿಂದೆ ಎಷ್ಟು ಜನರೋ. ಇವರು ಸಿಟ್ಟಾಗಿದ್ದಾರೋ, ನಗುತ್ತಿದ್ದಾರೋ? ಮಗಳನ್ನು ಹೊರಗೆ ಹಾಕಿದರೋ, ಕೈಗೆ ಕೊಟ್ಟರೋ? ಈಗ ತಾನು ಕ್ಷಮೆ ಕೇಳಬೇಕೋ, ಹರಸಬೇಕೋ? "ಬೀಗ್ರೇ" ಎಂದಳು ಕೊನೆಗೆ, "ಇದು ಬೈಗುಳಾನಾ, ಬೀಳ್ಕೊಡುಗೇನಾ? ಒಂದು ಹೇಳ್ಬಿಡಿ, ನಂಗೆ ತಲೆ ಓಡ್ತಿಲ್ಲ."

"ಪ್ರಕಟಣೆ ಮುಗಿಯಿತು" ಎಂದು ತೊಕ್ತಾರ್ ಲಿಫ್ಟಿನ ಕಡೆ ನಡೆದರು.

ಕುಲಾಶ್ ಜೂರಾಳ ತೋಳು ಹಿಡಿದು ಹಿಂದಿನಿಂದ ಬಂದಳು. ಅವಳ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಜೂರಾ ಗಾಬರಿಯಾದಳು, ನೋಡಿದರೆ ನಗು. "ನಾನು ಮದುವೆಯಾದಾಗಿನಿಂದ ಆ ಹೆಸರು ಕರೆದಿಲ್ಲ, ಬೀಗಿತ್ತಿ" ಎಂದಳು ಕಣ್ಣೊರೆಸಿಕೊಂಡು. "ಎಷ್ಟು ಸಲ ಕೂಗ್ಬೇಕು ಅನ್ಸಿದೆ ಗೊತ್ತಾ! ನೋಡಿದ್ರಾ, ಹೇಗೆ ಎದ್ದು ನಿಂತ್ರು?" ಆಮೇಲೆ ದನಿ ತಗ್ಗಿಸಿ, "ಆ ಹುಡುಗಿ ಈ ಸಿನಿಮಾನ ನಮ್ ಜೊತೆ ಎಷ್ಟು ಸಲ ನೋಡಿದಾಳೆ! ಲಾರಿಯೋನು ಜಿಗೀತಾನೆ, ಏನೂ ಆಗಲ್ಲ ಅಂತ ಅವಳಿಗೆ ಕಣ್ಣು ಮುಚ್ಚಿದ್ರೂ ಗೊತ್ತು" ಎಂದಳು.

ಜೂರಾ ನಿಂತಲ್ಲೇ ನಿಂತಳು. ಗೊತ್ತಿದ್ದರೆ ಕೂಗಿದ್ದೇಕೆ?

ಆ ಪ್ರಶ್ನೆ ರಾತ್ರಿಯೆಲ್ಲ ಅವಳ ಜೊತೆ ಮಲಗಿ, ಬೆಳಿಗ್ಗೆ ಅವಳ ಜೊತೆಗೇ ಎದ್ದಿತು. ಬಸ್ಸಿನ ಬಳಿ ತೊಕ್ತಾರ್ ಶಿಕ್ಷೆಗೊಳಗಾದ ಸೊಸೆಯ ಮೂರು ಚೀಲಗಳನ್ನು ತಾವೇ ಹೊತ್ತು ತಂದು ಹತ್ತಿಸಿದರು. ಒಂದರಲ್ಲಿ ಅವಳ ತಂದೆಗೆ ಹೊಸ ಟೋಪಿ, ಇನ್ನೊಂದರಲ್ಲಿ ದಾರಿಗೆ ಬೋರ್ಸೋಕ್ ಎಂಬ ಕರಿದ ಹಿಟ್ಟಿನ ಉಂಡೆಗಳು. ಬಸ್ಸು ಹೊರಟಾಗ ಮುಖ ಗಂಟಿಕ್ಕಿಕೊಂಡೇ ಕೈ ಬೀಸಿದರು. ಕಣ್ಣಿಗೆ ಧೂಳು ಹೋಗಿದೆಯೆಂದು ಕುಲಾಶಳಿಗೆ ಪ್ರಕಟಿಸಿದ್ದು ಕಿಟಕಿಯೊಳಗೂ ಕೇಳಿಸಿತು.

ಗಡಿ ದಾಟಿ, ರಸ್ತೆ ಬೆಟ್ಟದ ಕಡೆ ತಿರುಗಿದ ಮೇಲೆ ಜೂರಾ ಮೆಲ್ಲಗೆ ಬಾಯಿ ತೆರೆದಳು.

"ಮಗಾ, ನಿಜ ಹೇಳು. ನಿನ್ನೆ ಬಾಯಿ ತಪ್ಪಿ ಬಂತಾ, ಬೇಕಂತಲೇ ಕೂಗಿದ್ಯಾ?"

"ಏನನ್ನ, ಅಮ್ಮ?"

"ಹೆಸರನ್ನ."

"ಯಾರ ಹೆಸರು?"

"ಅವರದು!"

"ಯಾವ ಅವರು?"

"ಅದೇ ಅವರು!"

ಮೀರಿಮ್ ತಲೆವಸ್ತ್ರವನ್ನು ಹಣೆಯಿಂದ ಹಿಂದಕ್ಕೆ ಸರಿಸಿದಳು. ಕಿಟಕಿಯಾಚೆ ಬೆಟ್ಟದ ಹಸಿರು ಹತ್ತಿರವಾಗುತ್ತಿತ್ತು. ದವಡೆಯಲ್ಲಿ ಹೊಸದೊಂದು ಕುರುತ್. ಅದರ ಹಿಂದೆ ನಗು ಇತ್ತೋ ಇಲ್ಲವೋ ಹೇಳಲಾಗದು.

ಮುಂದೆ ರಸ್ತೆಬದಿಯ ಚಹಾದಂಗಡಿ ಕಂಡಿತು. "ಕಾಲು ಹಿಡ್ಕೊಂಡಿದೆ, ಇಳೀಬೇಕು" ಎಂದಳು ಜೂರಾ. "ಡ್ರೈವರ್‌ಗೆ ಹೇಳೇ. ಈಗೇನು, ನಮ್ಮ ನಾಡು. ಯಾರೂ ಕೇಳಿಸ್ಕೊಳ್ಳಲ್ಲ."

ಮೀರಿಮ್ ಬಾಯಿ ತೆರೆದಳು. ಮುಚ್ಚಿದಳು. ಆಮೇಲೆ ಉಂಗುರದ ಬೆರಳು ಮಡಚಿ ಗಾಜಿಗೆ ತಟ್ಟಿದಳು: ಟಕ್ ಟಕ್.

ಬಸ್ಸು ನಿಂತಿತು. ಜೂರಾ ಮಾತ್ರ ಏಳಲಿಲ್ಲ. ತುಂಬಿದ ಸಭೆಯಲ್ಲಿ ಅಷ್ಟು ದೊಡ್ಡ ಹೆಸರನ್ನು ಕೂಗಿದವಳು, ಗುರುತಿನವರು ಯಾರೂ ಇಲ್ಲದ ಈ ಬೆಟ್ಟದ ಬುಡದಲ್ಲಿ ಅದರ ಒಂದು ಚೂರನ್ನೂ ಆಡದೆ ಕೂತಿದ್ದನ್ನು ಅವಳು ನೋಡುತ್ತಲೇ ಇದ್ದಳು.